ನಾಲ್ಕು ಸಲ ಬರೆದ ಪ್ರಬಂಧ

ಡಾಕ್ಟರೇಟಿಗೆಂದು ಆ ವರ್ಷ ನಮ್ಮ ವಿಭಾಗದಲ್ಲಿ ಹೆಸರು ಬರೆಸಿದವರು ಆರು ಜನ. ಮುಗಿಸಿದವನು ಒಬ್ಬ. ಆ ಒಬ್ಬ ನಾನಲ್ಲ. ಉಳಿದವರಲ್ಲಿ ನಾಲ್ವರು ಬೇಗ ಬಿಟ್ಟು ಹೋದರು. ನಾನು ಮಾತ್ರ ಮುಗಿಸಲೂ ಆಗದೆ ಬಿಡಲೂ ಆಗದೆ ಎಂಟು ವರ್ಷ ಉಳಿದೆ.

ಮೊದಲ ಮಹಾಯುದ್ಧ ಮುಗಿದು ಏಳೆಂಟು ವರ್ಷವಾಗಿದ್ದ ಕಾಲ ಅದು. ನಮ್ಮೂರು ರಾಂಪುರದಿಂದ ಬಳ್ಳಾರಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಅಪ್ಪ ಜೋಳ, ಸಜ್ಜೆ ಬೆಳೆಯುತ್ತಿದ್ದ. ಆಗಷ್ಟೇ ಕಡಲೆಕಾಯಿ ಹಾಕಲು ಶುರುಮಾಡಿದ್ದ. ನಮ್ಮ ಮನೆಯಲ್ಲಿ ಕನ್ನಡ, ಎದುರು ಮನೆಯಲ್ಲಿ ತೆಲುಗು. ಬೀದಿಯ ಜಗಳ ಒಂದು ಭಾಷೆಯಲ್ಲಿ ಶುರುವಾದರೆ ಇನ್ನೊಂದರಲ್ಲಿ ಮುಗಿಯುತ್ತಿತ್ತು. ನಮ್ಮ ಮನೆತನದಲ್ಲಿ ಊರು ಬಿಟ್ಟು ಹೋಗಿ ಓದಿದವನು ನಾನೊಬ್ಬನೇ. ಬಿ.ಎ. ಆಯಿತು, ಎಂ.ಎ. ಆಯಿತು. ಆಮೇಲೆ ಇನ್ನೂ ಒಂದು ಓದು ಇದೆ, ಅದಾದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಬರುತ್ತೆ ಎಂದು ನಾನು ಹೇಳಿದಾಗ ಅಪ್ಪ ನೊಗಕ್ಕೆ ಹಗ್ಗ ಸುತ್ತುತ್ತಾ ಕೂತಿದ್ದವನು ತಲೆ ಎತ್ತಿ, "ಅದಾದ ಮೇಲೆ ಇನ್ನೊಂದು ಐತೇನು?" ಎಂದು ಕೇಳಿದ.

"ಇಲ್ಲ. ಅದೇ ಕೊನೆ."

"ಹಂಗಾರೆ ಓದು. ಮುಗಿಸ್ಕಂಡೇ ಬಾ."

ಈ ಮಾತನ್ನು ಅಪ್ಪ ಹಗುರವಾಗಿಯೇ ಹೇಳಿದ್ದ. ನಾನು ಅದನ್ನು ಹೊತ್ತುಕೊಂಡು ತಿರುಗಿದೆ.

ಜೊತೆಗೆ ಸೇರಿದವರಲ್ಲಿ ಒಬ್ಬನಿಗೆ ಮೂರನೇ ತಿಂಗಳಿಗೇ ಸರ್ಕಾರಿ ಕೆಲಸದ ಆಜ್ಞೆ ಬಂತು. ಅವನು ಅದೇ ದಿನ ಟ್ರಂಕು ಕಟ್ಟಿದ. ಇನ್ನೊಬ್ಬ ಲಾ ಓದಲು ಹೋದ. ಮತ್ತೊಬ್ಬ ಖಾದಿ ತೊಟ್ಟು ಸಭೆ ಮೆರವಣಿಗೆಗಳಲ್ಲಿ ಕಳೆದುಹೋದ. ನಾಲ್ಕನೆಯವನ ಊರಿಗೆ ಪ್ಲೇಗ್ ಬಂದು ಮನೆಯ ಹಿರಿಯರು ತೀರಿಕೊಂಡರು. ತಮ್ಮ ತಂಗಿಯರನ್ನು ಸಾಕಬೇಕಾಗಿ ಬಂದು ಅವನು ಅಲ್ಲೇ ಉಳಿದ. ಒಬ್ಬೊಬ್ಬನೂ ಹೋಗುವಾಗ ನನ್ನ ಹತ್ತಿರ ಬಂದು ತಪ್ಪು ಮಾಡಿದವನ ಹಾಗೆ ನಿಲ್ಲುತ್ತಿದ್ದ. ನಾನು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಒಳಗೊಳಗೆ ನನಗೆ ಹೆಮ್ಮೆಯಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಅವರು ಬಿಟ್ಟವರು, ನಾನು ಹಿಡಿದವನು ಅಂದುಕೊಂಡಿದ್ದೆ. ಐದನೆಯವನು ಹಳೆಯ ಛಂದಸ್ಸಿನ ಮೇಲೆ ಬೇರೆ ಪ್ರೊಫೆಸರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಯಾರೊಡನೆಯೂ ಮಾತಿಲ್ಲ ಕತೆಯಿಲ್ಲ. ಮೂರನೇ ವರ್ಷಕ್ಕೆ ಮುಗಿಸಿದವನು ಅವನೇ.

ನನ್ನ ಪ್ರೊಫೆಸರು ಕೊಟ್ಟ ವಿಷಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸ್ಥಳನಾಮಗಳು. ಊರು, ಕೆರೆ, ಕುಂಟೆ, ಗುಡ್ಡ, ಹಳ್ಳ, ಹೊಲ, ಬಂಡೆ, ಏನೇನಕ್ಕೆ ಹೆಸರಿದೆಯೋ ಅದನ್ನೆಲ್ಲ ಕೂಡಿಸಿ, ಯಾವುದು ಯಾವ ಮಾತಿನಿಂದ ಹುಟ್ಟಿತು ಎಂದು ತೋರಿಸಬೇಕು. ಪ್ರೊಫೆಸರಿಗೆ ಆಗ ಐವತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪುಸ್ತಕಗಳ ನಡುವೆ ಒಂದು ಈಸಿಚೇರು ಹಾಕಿಕೊಂಡು ಇರುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಅವರು ಒಂದು ಪುಸ್ತಕ ಬರೆದು ದೊಡ್ಡ ಹೆಸರು ಗಳಿಸಿದ್ದರು. ಗಡಿ ಸೀಮೆಯ ಎಲ್ಲ ಹೆಸರುಗಳೂ ಮೂಲದಲ್ಲಿ ಕನ್ನಡದವು, ತೆಲುಗು ಹೆಸರುಗಳು ಪಾಳೇಗಾರರ ಕಾಲದಲ್ಲಿ ಬಂದವರು ಮೇಲಿಂದ ಹಚ್ಚಿದವು ಎನ್ನುವುದು ಆ ಪುಸ್ತಕದ ವಾದ. ಹಳ್ಳಿಹಳ್ಳಿ ತಿರುಗಿ ಅದಕ್ಕೆ ಸಾಕ್ಷಿ ತರಲು ಆ ಕಡೆಯವನೊಬ್ಬ ಸಿಕ್ಕನಲ್ಲ ಎಂದು ನನ್ನನ್ನು ಕಂಡು ಅವರು ನಿಜವಾಗಿ ಸಂತೋಷಪಟ್ಟಿದ್ದರು.

ಮೊದಲ ಎರಡು ವರ್ಷ ನಾನೂ ಸಂತೋಷವಾಗಿದ್ದೆ. ವಿದ್ಯಾರ್ಥಿವೇತನವಿತ್ತು. ಹೆಗಲಿಗೆ ಚೀಲ, ಚೀಲದಲ್ಲಿ ರೊಟ್ಟಿ, ಚಟ್ನಿಪುಡಿ, ಪೆನ್ಸಿಲು, ಒಂದು ಬದಿ ಖಾಲಿಯಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಒಂದು ಹೆಸರಿಗೆ ಒಂದು ಚೀಟಿ. ಕಂಬಳಿ ನೇಯುವವರ ಹಟ್ಟಿಗಳಲ್ಲಿ, ರೇಷ್ಮೆ ಮಗ್ಗದ ಮನೆಗಳಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಕೂತು ಕೇಳುತ್ತಿದ್ದೆ. "ಈ ಹೊಲಕ್ಕೆ ಏನಂತೀರಿ? ಯಾಕೆ ಹಂಗಂತೀರಿ?" ಮೊದಮೊದಲು ಕಂದಾಯದವನು ಎಂದುಕೊಂಡು ಜನ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ, ಕೆಲಸವಿಲ್ಲದವನು ಎಂದು ತಿಳಿದ ಮೇಲೆ, ಧಾರಾಳವಾಗಿ ಹೇಳಿದರು.

ಸಿದ್ದಾಪುರದ ಹತ್ತಿರ ದನ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಸಿಕ್ಕಿದ್ದು ಆಗಲೇ. ಕೈಯಲ್ಲೊಂದು ಜಾಲಿ ಕೋಲು, ತಲೆ ಮೇಲೆ ಮಡಿಸಿದ ಕಂಬಳಿ. ಸುತ್ತಲಿನ ಗುಡ್ಡದ ಒಂದೊಂದು ಕಲ್ಲಿನ ಹೆಸರೂ ಅವಳಿಗೆ ಗೊತ್ತಿತ್ತು. ನಾನು ಒಂದು ಬಂಡೆ ತೋರಿಸಿ ಅದರ ಹೆಸರು ಕೇಳಿದೆ.

"ಅದು ಹದ್ದಿನಗುಂಡು," ಎಂದಳು.

ಬರೆದುಕೊಂಡೆ. ಅಷ್ಟರಲ್ಲಿ ಅವಳ ಮೊಮ್ಮಗಳು ಕೆಳಗಿನಿಂದ ಏನೋ ಕೂಗಿ ಕೇಳಿದಳು. ಅಜ್ಜಿ ಅದೇ ಬಂಡೆಯ ಕಡೆ ಕೋಲು ಚಾಚಿ ತೆಲುಗಿನಲ್ಲಿ, ಗದ್ದಬಂಡ ಹತ್ತಿರ ಹಸು ನಿಂತಿದೆ ನೋಡು ಎಂದಳು. ಗದ್ದ ಅಂದರೂ ಹದ್ದೇ, ಬಂಡ ಅಂದರೂ ಕಲ್ಲೇ.

"ಅಜ್ಜಿ, ಈಗ ಹದ್ದಿನಗುಂಡು ಅಂದೆಯಲ್ಲ?"

"ಹೂಂ ಕಣಪ್ಪ. ನೀನು ಕನ್ನಡದಾಗೆ ಕೇಳಿದೆ, ಕನ್ನಡದಾಗೆ ಹೇಳಿದೆ. ಅವಳು ತೆಲುಗಿನಾಗೆ ಕೇಳಿದ್ಲು."

"ಮೊದಲು ಇದ್ದ ಹೆಸರು ಯಾವುದು?"

ಅಜ್ಜಿ ನನ್ನ ಮುಖ ನೋಡಿದಳು. "ನಿನಗೆ ಅವ್ವ ಮೊದಲೋ ಅಪ್ಪ ಮೊದಲೋ?" ಎಂದು ಕೇಳಿ, ದನದ ಹಿಂದೆ ಹೋದಳು.

ಆ ಮೇಲೆ ಎಲ್ಲಿ ಹೋದರೂ ಹಾಗೇ ಕಾಣತೊಡಗಿತು. ನರಿಗುಡ್ಡವೇ ನಕ್ಕಲಗುಟ್ಟ. ಹುಣಸೆಕುಂಟೆಯೇ ಚಿಂತಕುಂಟ. ಕುಂಟೆ ಎನ್ನುವ ಮಾತನ್ನು ಎರಡೂ ಮನೆಯವರು ತಮ್ಮದೇ ಅನ್ನುತ್ತಿದ್ದರು. ನಾನು ಹೆಸರುಗಳನ್ನು ಎರಡು ಸಾಲಿನಲ್ಲಿ ಬರೆದೆ, ಎಡಕ್ಕೆ ಕನ್ನಡದ್ದು, ಬಲಕ್ಕೆ ತೆಲುಗಿನದು. ಒಂದೇ ಜಾಗಕ್ಕೆ ಎರಡು ಹೆಸರು ಒಟ್ಟಿಗೇ ಬಾಳಿವೆ, ಯಾವುದನ್ನೂ ಮೂಲ ಅನ್ನಲು ಬರುವುದಿಲ್ಲ ಎಂದು ಪ್ರಬಂಧ ಬರೆದೆ. ಪ್ರಬಂಧ ಇಂಗ್ಲಿಷಿನಲ್ಲಿ, ಹೆಸರಿನ ಪಟ್ಟಿ ಮಾತ್ರ ಕನ್ನಡ ಅಕ್ಷರದಲ್ಲಿ.

ಮೊದಲ ಸಲ ಬರೆದು ಕೊಟ್ಟದ್ದು ನಾಲ್ಕು ತಿಂಗಳಾದ ಮೇಲೆ ವಾಪಸು ಬಂತು. ಅಷ್ಟು ಹೊತ್ತಿಗೆ ವಿದ್ಯಾರ್ಥಿವೇತನದ ಅವಧಿ ಮುಗಿದು ನಾನು ಚಳ್ಳಕೆರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಹೊದಿಕೆ ಬಿಚ್ಚಿದರೆ ಪುಟಪುಟದಲ್ಲೂ ಕೆಂಪು ಪೆನ್ಸಿಲು. ಬಲಗಡೆಯ ಸಾಲಿನ ಉದ್ದಕ್ಕೂ ಒಂದು ಗೆರೆ. ಜೊತೆಗೊಂದು ಕಾಗದ: "ಶ್ರಮ ಮೆಚ್ಚತಕ್ಕದ್ದು. ಆದರೆ ಒಂದು ಸ್ಥಳಕ್ಕೆ ಮೂಲನಾಮ ಒಂದೇ ಇರಬೇಕು. ಅದನ್ನು ನಿರ್ಣಯಿಸದೆ ಎರಡನ್ನೂ ಇಟ್ಟರೆ ಸಂಶೋಧನೆ ಎನಿಸುವುದಿಲ್ಲ. ತಿದ್ದಿ ಕಳಿಸಿ."

ತಿದ್ದಿ ಕಳಿಸಿದೆ, ನನ್ನ ಮಾತನ್ನು ಬಿಡದೆ. ಇನ್ನಷ್ಟು ಸಾಕ್ಷಿ ಸೇರಿಸಿದೆ. ಎರಡನೇ ಸಲ ಇನ್ನೂ ತಡವಾಗಿ ವಾಪಸು ಬಂತು. ಬೇಸಿಗೆ ರಜೆಯೆಲ್ಲ ತಿರುಗಿ ಮೂರನೇ ಸಲ ಬರೆದೆ. ಅದೂ ಬಂತು. ಕಾಗದದ ಮಾತು ಪ್ರತಿ ಸಲವೂ ಮೃದುವೇ. "ತಿದ್ದಿ ಕಳಿಸಿ." ಸಾಧ್ಯವಿಲ್ಲ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ನನಗೆ ಆಗಲೇ ಬಿಡುಗಡೆಯಾಗುತ್ತಿತ್ತು.

ಮದುವೆಯಾದದ್ದು ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ. ಹೆಂಡತಿಯ ತವರು ರಾಂಪುರದ ಹತ್ತಿರದ ಇನ್ನೊಂದು ಹಳ್ಳಿ, ಮನೆಮಾತು ತೆಲುಗು. ಕನ್ನಡ ಮೂರನೇ ಕ್ಲಾಸಿನವರೆಗೆ ಓದಿದ್ದಳು, ಅಕ್ಷರ ಮುತ್ತಿನ ಹಾಗೆ ದುಂಡಗೆ. ಚಳ್ಳಕೆರೆಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಗೆ ಎರಡೇ ಅಂಕಣ, ಎರಡು ಸಣ್ಣ ಕೋಣೆ. ಮುಂದಿನದರಲ್ಲಿ ಚೀಟಿಗಳು. ದಾರಕ್ಕೆ ಪೋಣಿಸಿ ಗೋಡೆಯ ಮೊಳೆಗಳಿಗೆ ಕಟ್ಟಿದ್ದೆ. ಬೇಸಿಗೆಯಲ್ಲಿ ಗಾಳಿಗೆ ಹಾರುತ್ತವೆ ಎಂದು ಕಿಟಕಿ ಮುಚ್ಚಿಡುತ್ತಿದ್ದೆ. ಆ ಸೆಕೆಯಲ್ಲಿ, ಆ ಚೀಟಿಗಳ ಮಧ್ಯೆ, ಬೆಳಗಿನ ಜಾವ ಎದ್ದು ಶಾಲೆಯ ಹೊತ್ತಾಗುವವರೆಗೆ ಬರೆಯುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, "ಒಳಗೆ ಬರ್ಲಾ?" ಎಂದು ಕೇಳಿ ಬರುತ್ತಿದ್ದಳು. ತನ್ನ ಮನೆಯ ಮುಂದಿನ ಅಂಕಣಕ್ಕೆ ಕೇಳಿ ಬರಬೇಕಾಗಿತ್ತು ಆ ಹುಡುಗಿ. ನಾನು ಅದನ್ನು ಗಮನಿಸಲೂ ಇಲ್ಲ.

ಮೂರನೇ ಪ್ರತಿಯ ಪಟ್ಟಿಗಳನ್ನು ಅವಳೇ ನಕಲು ಮಾಡಿದಳು. ಅಡಿಗೆ ಮುಗಿಸಿ, ಕೈ ಒರೆಸಿಕೊಂಡು, ಮಣೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದಳು. ಬರೆಯುತ್ತಾ ಒಂದೊಂದು ಹೆಸರಿಗೂ ಏನಾದರೊಂದು ಹೇಳುವಳು. "ಎನುಮುಲವಂಕ! ಎಮ್ಮೆಹಳ್ಳ! ನಮ್ಮವ್ವ ನನ್ನ ಅಲ್ಲೇ ಬಟ್ಟೆ ಒಗೆಯಾಕೆ ಕರ್ಕಂಡು ಹೋಗ್ತಿದ್ಲು." ನನಗೆ ಅದು ಕೆಲಸಕ್ಕೆ ಅಡ್ಡಿ ಅನಿಸುತ್ತಿತ್ತು.

ಇತ್ತ ಅಪ್ಪ ರಾಂಪುರದ ಸಂತೆಯಲ್ಲೆಲ್ಲ ಹೇಳಿಬಿಟ್ಟಿದ್ದ: ನನ್ನ ಮಗ ಡಾಕ್ಟ್ರು ಆಗ್ತಾನೆ. ಊರಿಗೆ ಹೋದರೆ ಜಗಲಿಯ ಮೇಲೆ ಜನ ಕೂತಿರುತ್ತಿದ್ದರು. ಒಬ್ಬ ಬಾತ ಕಾಲು ಚಾಚಿ, "ಸ್ವಲ್ಪ ನೋಡು ಸಾಮಿ," ಎಂದ. ಒಬ್ಬಳು ಜ್ವರದ ಕೂಸನ್ನು ನನ್ನ ಮಡಿಲಿಗೇ ಇಟ್ಟಳು. ನಾನು ಆ ಥರದ ಡಾಕ್ಟರಲ್ಲ ಎಂದು ವಿವರಿಸಿದೆ. "ಹಂಗಾರೆ ಯಾವ ಥರ?" ಎಂದರು. "ಊರ ಹೆಸರುಗಳ..." ಎಂದು ಶುರುಮಾಡಿ ನಿಲ್ಲಿಸಿದೆ. ಕೂಸಿನ ಮೈ ಸುಡುತ್ತಿತ್ತು. ಮೊಳಕಾಲ್ಮೂರಿನ ಆಸ್ಪತ್ರೆಗೆ ಗಾಡಿ ಕಟ್ಟಿಸಿ ಕಳಿಸಿದೆ. ಕೂಸು ಉಳಿಯಿತು. ಅದನ್ನು ನಾನೇ ಉಳಿಸಿದೆ ಎಂದು ಊರಲ್ಲಿ ಮಾತಾಯಿತು. ಅಪ್ಪ ಅಲ್ಲಗಳೆಯಲಿಲ್ಲ. "ಇನ್ನೇಟು ದಿನ ಐತೆ?" ಎಂದು ಮಾತ್ರ ಪ್ರತಿ ಸಲ ಕೇಳುತ್ತಿದ್ದ. "ಇನ್ನೊಂದು ವರ್ಷ," ಎನ್ನುತ್ತಿದ್ದೆ. ಐದು ವರ್ಷ ಹಾಗೇ ಎಂದೆ. ಕೊನೆಕೊನೆಗೆ ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಶಾಲೆಯಲ್ಲೂ ಅದೇ. ಬಡ್ತಿ ಬೇಕಾದರೆ ಬೇರೆ ಊರಿಗೆ ವರ್ಗವಾಗಿ ಹೋಗಬೇಕು. ಹೋದರೆ ಹಳ್ಳಿ ತಿರುಗುವುದು ತಪ್ಪುತ್ತದೆ ಎಂದು ಎರಡು ಸಲ ಬೇಡವೆಂದು ಬರೆದುಕೊಟ್ಟೆ. ನನಗಿಂತ ಆಮೇಲೆ ಬಂದವರು ಹೆಡ್‌ಮಾಸ್ತರರಾದರು. ದಾರಿಯಲ್ಲಿ ಯಾರಾದರೂ "ಎಲ್ಲಿಗೆ ಬಂತ್ರಿ ನಿಮ್ಮ ಪುಸ್ತಕ?" ಎಂದು ಕೇಳುತ್ತಿದ್ದರು. ಸಂತೆಬೀದಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತುಹಾಕಿ ಮನೆಗೆ ಬರುವ ಅಭ್ಯಾಸವಾಯಿತು. ಊಟಕ್ಕೆ ಕೂತರೆ ಬರೆಯಬೇಕಿತ್ತು ಅನಿಸುತ್ತಿತ್ತು. ಬರೆಯಲು ಕೂತರೆ ವಾಪಸು ಬರುವ ಕಾಗದದ ಕಟ್ಟು ಕಣ್ಣಿಗೆ ಕಟ್ಟುತ್ತಿತ್ತು. ಬಿಟ್ಟುಬಿಡೋಣ ಎಂದುಕೊಂಡರೆ, ಕಳೆದ ವರ್ಷಗಳೆಲ್ಲ ಎದ್ದು ನಿಂತು ನಮ್ಮನ್ನೇನು ಮಾಡುತ್ತೀಯ ಎಂದು ಕೇಳುತ್ತಿದ್ದವು. ಮುಂದಿನ ವರ್ಷ ಅವಕ್ಕೆ ಇನ್ನೊಂದು ಸೇರುತ್ತಿತ್ತು. ಬಿಡುವುದು ಇನ್ನೂ ಕಷ್ಟವಾಗುತ್ತಿತ್ತು.

ಏಳನೇ ವರ್ಷ ನಾನು ಸೋತೆ. ಪ್ರೊಫೆಸರು ಹೇಳಿದ ಹಾಗೇ ಬರೆಯುವುದು ಎಂದು ತೀರ್ಮಾನಿಸಿದೆ. ಬಲಗಡೆಯ ಸಾಲನ್ನು ಪೂರ್ತಿ ತೆಗೆದೆ. ಹದ್ದಿನಗುಂಡು ಉಳಿಯಿತು, ಗದ್ದಬಂಡ ಹೋಯಿತು. ತೆಲುಗು ಹೆಸರು ಮಾತ್ರ ಇದ್ದ ಜಾಗಗಳಿಗೆ ಇದ್ದಿರಬಹುದಾದ ಕನ್ನಡ ಹೆಸರನ್ನು ನಾನೇ ಊಹಿಸಿ, ಊಹೆ ಎಂಬ ಗುರುತಿಗೆ ಪಕ್ಕದಲ್ಲಿ ಚುಕ್ಕೆ ಹಾಕಿದೆ. ಕೆಲಸ ಎಷ್ಟು ಸರಾಗವಾಗಿ ಹೋಯಿತೆಂದರೆ ನನಗೇ ಹೆದರಿಕೆಯಾಯಿತು. ಎರಡೇ ತಿಂಗಳಲ್ಲಿ ಮುಗಿಯಿತು. ಪಟ್ಟಿಯನ್ನು ನಕಲು ಮಾಡಲು ಹೆಂಡತಿಗೆ ಕೊಟ್ಟು ಶಾಲೆಗೆ ಹೋದೆ.

ಸಂಜೆ ಬಂದಾಗ ಮಣೆ ಇಟ್ಟಲ್ಲೇ ಇತ್ತು, ಕಾಗದ ಖಾಲಿ. ಅವಳು ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಯಾಕೆ, ಮೈಗೆ ಹುಷಾರಿಲ್ಲವಾ?"

"ಇದರಾಗೆ ನಮ್ಮೂರು ಇಲ್ಲ," ಎಂದಳು.

"ಇದೆಯಲ್ಲ, ಅಲ್ಲಿ ನೋಡು, ಮೂರನೇ ಪುಟ."

"ಅದು ನಮ್ಮೂರ ಹೆಸರಲ್ಲ. ಯಾರೂ ಹಂಗನ್ನಲ್ಲ. ಇದು ನೀವು ಕಟ್ಟಿದ ಹೆಸರು. ಎನುಮುಲವಂಕ ಇಲ್ಲ. ನಮ್ಮ ತಾತನ ಹೊಲ ಇಲ್ಲ. ಹೋದ ಸಲ ನಾನೇ ಬರ್ದಿದ್ದೆ, ಎಲ್ಲಾ ಇದ್ವು. ಎಲ್ಲಿಗೆ ಹೋದ್ವು?"

"ಪ್ರೊಫೆಸರು ಒಪ್ಪುವುದಿಲ್ಲ. ಹೀಗೆ ಬರೆದರೆ ಮುಗಿಯುತ್ತೆ. ಮುಗಿಯೋದು ಬೇಡವಾ ನಿನಗೆ?"

ಅವಳು ಮದುವೆಯಾಗಿ ಅಷ್ಟು ವರ್ಷದಲ್ಲಿ ನನಗೆ ಎದುರಾಡಿದವಳಲ್ಲ. ಅಂದು ಹೇಳಿದಳು: "ಬೇಕು. ನನಗೂ ಸಾಕಾಗೈತೆ. ಈ ಮನೆಯಾಗೆ ಗೋಡೆ ಕಾಣಾಕಿಲ್ಲ, ಚೀಟಿನೇ ಕಾಣ್ತಾವೆ. ಆದ್ರೆ ಇದನ್ನ ನಾನು ಬರೆಯಾಕಿಲ್ಲ. ನೀವೇ ಬರ್ಕಳ್ಳಿ."

ಎದ್ದು ಒಲೆಯ ಮುಂದೆ ಹೋದಳು. ನಾನು ಕೂತು ಬರೆಯಲು ನೋಡಿದೆ. ಒಂದು ಪುಟವಾಯಿತು. ಎರಡನೇ ಪುಟದ ನಡುವೆ ನಾನೇ ಕಟ್ಟಿದ ಒಂದು ಹೆಸರು ಬಂತು. ಅದರ ಮುಂದಿನ ಚುಕ್ಕೆಯನ್ನು ಇಡಲು ಕೈ ಬರಲಿಲ್ಲ. ಕಾಗದವನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದೆ. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಟು ದಿನ ಮಾತು ಬಿಟ್ಟೆ. ಒಂಬತ್ತನೇ ದಿನ, ಅವಳು ಮಾಡಿದ್ದೇ ಸರಿ ಎಂದು ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ದಸರಾ ರಜೆಯಲ್ಲಿ, ಹೆಸರು ತೆಗೆಸಿಕೊಂಡು ಬರುತ್ತೇನೆಂದು ಪ್ರೊಫೆಸರ ಊರಿಗೆ ಹೊರಟೆ. ದುರ್ಗದವರೆಗೆ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರುಹೊಡೆದೆ. ಪ್ರೊಫೆಸರು ನನ್ನನ್ನು ಕಂಡು ಎದ್ದು ನಿಂತರು. ಬಹಳ ಇಳಿದುಹೋಗಿದ್ದರು. ತಾವೇ ಕಾಫಿ ಮಾಡಿ ತಂದುಕೊಟ್ಟರು.

"ಸರ್, ನನ್ನಿಂದ ಆಗುವುದಿಲ್ಲ. ಬಿಡುತ್ತೇನೆ," ಎಂದೆ.

ಅವರು ಲೋಟ ಕೆಳಗಿಟ್ಟರು. "ನನ್ನ ಕೈಕೆಳಗೆ ಇದುವರೆಗೆ ಎಷ್ಟು ಜನ ಸೇರಿದರು, ನಿಮಗೆ ಗೊತ್ತೆ?"

"ಇಲ್ಲ ಸರ್."

"ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ಒಬ್ಬರೂ ಮುಗಿಸಲಿಲ್ಲ. ಕೆಲಸ ಸಿಕ್ಕಿತು ಎಂದು ಹೋದರು, ಮದುವೆಯಾಯಿತು ಎಂದು ಹೋದರು. ಕೆಲವರು ಹೇಳದೆಯೇ ಹೋದರು. ಉಳಿದವರು ನೀವೊಬ್ಬರು. ಬರುವ ವರ್ಷ ನಾನು ನಿವೃತ್ತನಾಗುತ್ತೇನೆ. ನೀವೂ ಹೋದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ನನ್ನ ಲೋಟದ ಕಡೆ ಕೈ ತೋರಿಸಿ, "ಕಾಫಿ ಆರಿಹೋಗುತ್ತೆ, ಕುಡಿಯಿರಿ," ಎಂದರು.

ಬಯ್ದಿದ್ದರೆ ಬಿಟ್ಟು ಬರಬಹುದಿತ್ತು. ಅವರು ಬಯ್ಯಲಿಲ್ಲ. ನಾನು ಕಾಫಿ ಕುಡಿದು, ಯುಗಾದಿಯೊಳಗೆ ಮುಗಿಸಿ ಕಳಿಸುತ್ತೇನೆ ಎಂದು ಮಾತು ಕೊಟ್ಟು, ರೈಲು ಹತ್ತಿದೆ. ಚಳ್ಳಕೆರೆಯಲ್ಲಿ ಬಸ್ಸಿನಿಂದ ಇಳಿದಾಗ ಕಾಲು ಮನೆಯ ಕಡೆ ಹೋಗಲಿಲ್ಲ. ಕೆರೆ ಏರಿಯ ಮೇಲೆ ಕತ್ತಲಾಗುವವರೆಗೆ ಕೂತೆ. ಅಪ್ಪನ ಆಸೆ ಒಂದು ಕಡೆ, ಆ ಮುದುಕರ ಖಾಲಿ ಮನೆ ಒಂದು ಕಡೆ, ಅಟ್ಟದ ಮೇಲಿನ ಸುಳ್ಳು ಪಟ್ಟಿ ಒಂದು ಕಡೆ. ಯಾವ ಕಡೆಗೂ ಕಾಲಿಡಲು ಜಾಗವಿರಲಿಲ್ಲ. ಆ ಚಳಿಗಾಲ ನನಗೆ ಎದೆನೋವು ಶುರುವಾಯಿತು. ಆಸ್ಪತ್ರೆಯವರು ಏನೂ ಇಲ್ಲ ಎಂದರು.

ಕೊನೆಗೆ ದಾರಿ ತೋರಿಸಿದವಳು ಹೆಂಡತಿ. "ಅವರನ್ನೇ ಕರೀರಿ," ಎಂದಳು. "ನೀವು ಬರ್ದು ಬರ್ದು ಕಳಿಸ್ತೀರ, ಅವರು ಗೆರೆ ಹೊಡ್ದು ಹೊಡ್ದು ಕಳಿಸ್ತಾರೆ. ಒಂದು ಸಲ ಬಂದು ಕಿವಿಯಿಂದ ಕೇಳ್ಲಿ."

ಅಷ್ಟು ದೊಡ್ಡವರು ಬರುತ್ತಾರೆಯೇ ಎಂದುಕೊಂಡೇ ಕಾಗದ ಬರೆದೆ. ಬರುತ್ತೇನೆ ಎಂದು ಮರುಟಪಾಲಿಗೇ ಉತ್ತರ ಬಂತು. ನಮ್ಮ ಸೀಮೆಯ ಹೆಸರುಗಳ ಮೇಲೆ ಹೆಸರಾಂತ ಪುಸ್ತಕ ಬರೆದವರು ನಮ್ಮ ಸೀಮೆಗೆ ಬರುವುದು ಅದೇ ಮೊದಲು ಎಂದು ತಿಳಿದದ್ದು ಆಮೇಲೆ. ಶಾಸನಗಳನ್ನು, ಭೂಪಟಗಳನ್ನು ನೋಡಿಯೇ ಅವರು ಬರೆದಿದ್ದರು.

ಪುಷ್ಯ ಮಾಸದ ಬಿಸಿಲು ಹಿತವಾಗಿತ್ತು. ಪ್ರೊಫೆಸರು ಬಂದು, ಚಳ್ಳಕೆರೆಯಲ್ಲಿ ಒಂದು ದಿನ ನಮ್ಮ ಮನೆಯಲ್ಲಿದ್ದರು. ಚೀಟಿಗಳ ಸರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮರುದಿನ ಮೊಳಕಾಲ್ಮೂರಿನ ಹತ್ತಿರದ ಹಾನಗಲ್ಲಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಎತ್ತಿನ ಗಾಡಿ ಮಾಡಿಕೊಂಡು ಸಿದ್ದಾಪುರಕ್ಕೆ ಹೋದೆವು. ನಾನು ಹೆದರಿದ್ದೆ; ಅಜ್ಜಿ ಬದುಕಿದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಬದುಕಿದ್ದಳು. ದನ ಮೇಯಿಸುವುದನ್ನು ಬಿಟ್ಟು ಮನೆಯ ಮುಂದೆ ಬಿಸಿಲಿಗೆ ಕೂತಿದ್ದಳು. ಕಣ್ಣು ಮಂಜಾಗಿತ್ತು. ನನ್ನ ದನಿ ಕೇಳಿ, "ಹೆಸರು ಕೇಳೋ ಮೇಷ್ಟ್ರಾ?" ಎಂದಳು.

ಅಲ್ಲಿ ಕೂತೇ ಎದುರಿನ ಬ್ರಹ್ಮಗಿರಿ ಗುಡ್ಡ, ಅದರಾಚೆ ಜಟಿಂಗ ರಾಮೇಶ್ವರದ ಬೆಟ್ಟ ಕಾಣುತ್ತಿತ್ತು. ಪ್ರೊಫೆಸರು ಒಂದೊಂದನ್ನೇ ಕೇಳಿದರು. ಅವಳಿಗೆ ಕಾಣಿಸದಿದ್ದರೂ, ಬ್ರಹ್ಮಗಿರಿಯ ಎಡಕ್ಕೆ, ದಾರಿಯ ಬಲಕ್ಕೆ ಎಂದು ನಾನು ಹೇಳಿದ ಕೂಡಲೇ ಹೆಸರು ಬರುತ್ತಿತ್ತು. ಒಂದು ಕನ್ನಡದಲ್ಲಿ, ಅದರ ಬೆನ್ನಿಗೇ ಒಂದು ತೆಲುಗಿನಲ್ಲಿ. ಒಂದು ಗಂಟೆಯಾದರೂ ಅವಳು ತಡವರಿಸಲಿಲ್ಲ. ಪ್ರೊಫೆಸರು ಮೊದಲು ಬರೆದುಕೊಳ್ಳುತ್ತಿದ್ದವರು ನಡುವೆ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೇಳಿದರು. ಕೊನೆಗೆ ಕೇಳಿದರು: "ಎರಡು ಹೆಸರು ಯಾಕಮ್ಮ? ಒಂದು ಸಾಲದೆ?"

"ಇಬ್ಬರು ಇದೀವಲ್ಲ ಸಾಮಿ, ಅದಕ್ಕೆ," ಎಂದಳು ಅಜ್ಜಿ.

ವಾಪಸು ಬರುವಾಗ ಹಾನಗಲ್ಲಿನ ಹತ್ತಿರ ಎತ್ತಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದಾಗ ಪ್ರೊಫೆಸರು ಹೇಳಿದರು: "ನೀವು ಮೊದಲು ಬರೆದದ್ದೇ ಸರಿ."

ಅಷ್ಟು ವರ್ಷ ನಾನು ಕಾದ ಮಾತು ಅದು. ಅವರು ಮುಂದುವರಿಸಿದರು.

"ಆದರೆ ನಾನು ಅದಕ್ಕೆ ಸಹಿ ಹಾಕಲಾರೆ. ಹಾಕಿದರೆ ನನ್ನ ಪುಸ್ತಕ ಸುಳ್ಳು ಎಂದು ನಾನೇ ಬರೆದುಕೊಟ್ಟ ಹಾಗೆ. ಮೂವತ್ತು ವರ್ಷ ಅದನ್ನೇ ಪಾಠ ಹೇಳಿದ್ದೇನೆ. ಈಗ ಅದನ್ನು ಕಳಚಿಟ್ಟರೆ ನನಗೆ ಉಳಿಯುವುದು ಏನೂ ಇಲ್ಲ. ನನಗೆ ಅಷ್ಟು ಧೈರ್ಯವಿಲ್ಲ, ಕ್ಷಮಿಸಿ. ಬೇರೆಯವರ ಕೈಕೆಳಗೆ ಹೊಸದಾಗಿ ಸೇರುವುದಾದರೆ ಕಾಗದ ಕೊಡುತ್ತೇನೆ. ಬಿಡುವುದಾದರೆ ಬಿಡಿ. ನಾನು ಹಿಡಿದುಕೊಳ್ಳುವುದಿಲ್ಲ. ಇಷ್ಟು ವರ್ಷ ಹಿಡಿದುಕೊಂಡದ್ದೇ ತಪ್ಪು."

ಒಬ್ಬ ದೊಡ್ಡ ಮನುಷ್ಯ ಧೂಳಿನ ದಾರಿಯಲ್ಲಿ ಎತ್ತಿನ ಪಕ್ಕ ನಿಂತು ನನ್ನ ಕ್ಷಮೆ ಕೇಳಿದ್ದನ್ನು ನಾನು ಮರೆತಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಎಂಟು ವರ್ಷದಿಂದ ಸಿಕ್ಕಿಕೊಂಡಿದ್ದರೆ ಅವರು ಮೂವತ್ತು ವರ್ಷದಿಂದ ಸಿಕ್ಕಿಕೊಂಡಿದ್ದರು. ನನಗಾದರೂ ಬಿಡುವ ದಾರಿಯಿತ್ತು. "ಬಿಡುತ್ತೇನೆ ಸರ್," ಎಂದೆ. ಅವರು ತಲೆಯಾಡಿಸಿದರು. ಚಳ್ಳಕೆರೆಗೆ ಬಂದ ಮೇಲೆ ನಾನು ಎರಡು ಸಾಲಿನ ಅರ್ಜಿ ಬರೆದೆ. ಅವರು ನಮ್ಮ ಜಗಲಿಯ ಮೇಲೆ ಕೂತು ಅದಕ್ಕೆ ಶಿಫಾರಸು ಬರೆದು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಮತ್ತೆ ನಾವು ಭೇಟಿಯಾಗಲಿಲ್ಲ. ನಿವೃತ್ತರಾದ ಮೂರನೇ ವರ್ಷ ತೀರಿಕೊಂಡರೆಂದು ಪತ್ರಿಕೆಯಲ್ಲಿ ಓದಿದೆ.

ಅಪ್ಪನಿಗೆ ಹೇಳುವುದು ಉಳಿದಿತ್ತು. ಆ ಭಾನುವಾರವೇ ಊರಿಗೆ ಹೋದೆ, ಹೆಂಡತಿಯೂ ಜೊತೆಗೆ ಬಂದಳು. ಅಪ್ಪ ಕಣದಲ್ಲಿ ಜೋಳದ ತೆನೆ ಹರಡುತ್ತಿದ್ದ. ಹತ್ತಿರ ಹೋಗಿ ನಿಂತೆ.

"ಅಪ್ಪಾ, ಓದು ಬಿಟ್ಟೆ. ಮುಗಿಸಲಿಲ್ಲ. ಡಾಕ್ಟ್ರು ಆಗಲ್ಲ ನಾನು."

ಅಪ್ಪ ತೆನೆ ಹರಡುವುದನ್ನು ನಿಲ್ಲಿಸಲಿಲ್ಲ. ಅಂಚಿನವರೆಗೂ ಹೋಗಿ, ತಿರುಗಿ ಬಂದು, ಕೇಳಿದ: "ಯಾರಾರ ಬಿಡ್ಸಿದ್ರಾ, ನೀನೇ ಬಿಟ್ಯಾ?"

"ನಾನೇ ಬಿಟ್ಟೆ."

"ಊಟ ಸೇರ್ತೈತಾ ಈಗ?"

ಈ ಪ್ರಶ್ನೆ ನಾನು ಎಣಿಸಿರಲಿಲ್ಲ. ಹೆಂಡತಿಯೇ, "ನಿನ್ನೆಯಿಂದ ಸೇರ್ತೈತೆ ಮಾವ," ಎಂದಳು.

"ಹಂಗಾರೆ ಸರಿ," ಎಂದ ಅಪ್ಪ. "ಮೂರು ವರ್ಷದಿಂದ ನೋಡ್ತಿದೀನಿ, ಒಣಗಿದ ಕಟ್ಟಿಗೆ ಆಗಿದ್ದೆ. ಕೇಳಿದ್ರೆ ಒಂದು ವರ್ಷ ಒಂದು ವರ್ಷ ಅಂತಿದ್ದೆ. ನಾನೂ ಸುಮ್ನಾದೆ. ನಾನೇ ಮುಗಿಸ್ಕಂಡು ಬಾ ಅಂದಿದ್ನಲ್ಲ, ಈಗ ಬಿಡು ಅಂತ ಹೆಂಗನ್ನಾದು?"

ಅವನೂ ಅಷ್ಟು ವರ್ಷ ತನ್ನ ಒಂದು ಮಾತಿನೊಳಗೆ ಸಿಕ್ಕಿಕೊಂಡಿದ್ದ ಎಂದು ನನಗೆ ಆಗ ತಿಳಿಯಿತು. ಸಂತೆಯ ಜನಕ್ಕೆ ಏನು ಹೇಳಿದನೋ ಗೊತ್ತಿಲ್ಲ. ಆಮೇಲೂ ಎಷ್ಟೋ ಜನ ನನ್ನನ್ನು ಡಾಕ್ಟ್ರೇ ಎಂದೇ ಕರೆದರು. ನಾನು ತಿದ್ದುವುದನ್ನು ಬಿಟ್ಟೆ.

ಬಿಟ್ಟ ಕೂಡಲೇ ಹಗುರವಾಯಿತು ಎಂದರೆ ಸುಳ್ಳಾಗುತ್ತದೆ. ಬೆಳಗಿನ ಜಾವ ಎಚ್ಚರವಾಗುವುದು ಒಂದು ವರ್ಷವಾದರೂ ನಿಲ್ಲಲಿಲ್ಲ. ಎದ್ದು ಕೂತು, ಮಾಡುವುದೇನೂ ಇಲ್ಲ ಎಂದು ನೆನಪಾಗಿ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ವರ್ಗಕ್ಕೆ ಅರ್ಜಿ ಹಾಕಿದೆ. ಮೊಳಕಾಲ್ಮೂರಿಗೆ ಹೆಡ್‌ಮಾಸ್ತರನಾಗಿ ಹೋದೆ. ಮನೆ ಖಾಲಿ ಮಾಡುವ ದಿನ ಹೆಂಡತಿ ಗೋಡೆಯ ಚೀಟಿಗಳನ್ನು ಬಿಚ್ಚಿ ಟ್ರಂಕಿಗೆ ತುಂಬಿದಳು. ಎಸೆಯೋಣ ಎಂದೆ, ಕೇಳಲಿಲ್ಲ. ಮೊಳೆ ಕಿತ್ತ ತೂತುಗಳಿಗೆ ಸುಣ್ಣ ಮೆತ್ತಿ, ಮುಂದಿನ ಅಂಕಣದ ಕಿಟಕಿಯನ್ನು ಪೂರ್ತಿ ತೆರೆದು, ಗಾಡಿ ಬರುವವರೆಗೆ ಅಲ್ಲಿ ಕಾಲು ಚಾಚಿ ಕೂತಳು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಇಲ್ಲಿ ಇಷ್ಟು ಗಾಳಿ ಬರುತ್ತದೆಂದು ತನಗೆ ತಿಳಿದೇ ಇರಲಿಲ್ಲ ಎಂದಳು.